ದಂತ ಅಸಲಿಯೋ ಅಲ್ಲವೋ? ದಯವಿಟ್ಟು ಸೂಜಿ ಕಾಯಿಸಬೇಡಿ

ಪ್ರಶ್ನೆ: ಫ್ರಾನ್ಸಿನ ಸಿರಿವಂತ ಮನೆತನಗಳವರು ಇಟ್ಟುಕೊಳ್ಳುತ್ತಿದ್ದಂಥ ಕೆತ್ತನೆಯ ದಂತದ ಬಾಚಣಿಗೆ, ಡಬ್ಬಿ ಸಿಕ್ಕರೆ ಕಾದ ಸೂಜಿ ಚುಚ್ಚಿ ಪರೀಕ್ಷಿಸಬಹುದಂತೆ. ನಿಜವಾ?

ಬೇಡ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಆದರೂ ಪ್ರಶ್ನೆ ಬರುತ್ತಲೇ ಇದೆ, ಆದ್ದರಿಂದ ಈ ಸಲ ಬಿಡಿಸಿ ಹೇಳುತ್ತೇನೆ.

ಸೂಜಿ ಕರಗಿಸಿದರೆ ಪ್ಲಾಸ್ಟಿಕ್, ಕರಗದಿದ್ದರೆ ದಂತ ಅನ್ನುವುದು ಜನರ ಲೆಕ್ಕ. ಆದರೆ ಮೂಳೆಯೂ ಕರಗುವುದಿಲ್ಲ. ಸುಟ್ಟಾಗ ಎರಡರಿಂದಲೂ ಕೂದಲು ಸುಟ್ಟ ವಾಸನೆಯೇ ಬರುತ್ತದೆ. ಅಂದಮೇಲೆ ಸೂಜಿಯಿಂದ ತಿಳಿದದ್ದೇನು? ಒಮ್ಮೆ ಒಬ್ಬರು ಪುಟ್ಟ ಡಬ್ಬಿಯೊಂದನ್ನು ತಂದು ತೋರಿಸಿದರು. ಚಂದದ ದಂತ. ಮುಚ್ಚಳದ ಮೇಲಿದ್ದ ಹೆಂಗಸಿನ ಕೆನ್ನೆಯಲ್ಲಿ ಮೂರು ಕಪ್ಪು ಚುಕ್ಕೆ. ಯಾರೋ ಮೂರು ಸಲ ಪರೀಕ್ಷೆ ಮಾಡಿದ್ದರು. ಆ ಕಲೆ ಇನ್ನು ಹೋಗುವುದಿಲ್ಲ. ನೋಡಿ ಹೊಟ್ಟೆ ಉರಿಯಿತು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ‘ಫ್ರೆಂಚ್ ಐವರಿ’ ಎಂದು ಅಚ್ಚಾಗಿರುವ ಹಳೇ ಬಾಚಣಿಗೆ, ಕೈಗನ್ನಡಿಗಳು ಫ್ರಾನ್ಸಿನವೂ ಅಲ್ಲದಿರಬಹುದು, ದಂತವಂತೂ ಅಲ್ಲವೇ ಅಲ್ಲ. ಅದು ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್‌ಗೆ ಇಟ್ಟ ವ್ಯಾಪಾರದ ಹೆಸರು. ಅಮೆರಿಕದಲ್ಲಿ 1870ರಲ್ಲಿ ಪೇಟೆಂಟ್ ಆದ ವಸ್ತು. ಹತ್ತಿಯನ್ನು ಆಮ್ಲದಲ್ಲಿ ಹದಮಾಡಿ, ಕರ್ಪೂರ ಬೆರೆಸಿ ತಯಾರಿಸುತ್ತಿದ್ದರು. ಅದಕ್ಕೆ ಕಾದ ಸೂಜಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳಬಹುದು. ಅನುಮಾನವಿದ್ದರೆ ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ, ಮೂಸಿ ನೋಡಿ. ಕರ್ಪೂರದ ವಾಸನೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಸರಿಯಾದ ದಾರಿ ಕಣ್ಣು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಆನೆದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಗೆರೆಗಳು ಒಂದನ್ನೊಂದು ದಾಟಿ ಬಲೆ ಹೆಣೆದ ಹಾಗೆ ಕಾಣುತ್ತವೆ. ಇವಕ್ಕೆ ಶ್ರೇಗರ್ ಗೆರೆ ಎನ್ನುತ್ತಾರೆ. ದಂತದ ಹೊರ ಅಂಚಿನ ಹತ್ತಿರ ಆ ಗೆರೆಗಳ ನಡುವಿನ ಕೋನ 115 ಡಿಗ್ರಿಗಿಂತ ಜಾಸ್ತಿ ಇದ್ದರೆ ಆನೆ, 90ಕ್ಕಿಂತ ಕಡಿಮೆ ಇದ್ದರೆ ಮ್ಯಾಮತ್, ಅಂದರೆ ಈಗ ಅಳಿದುಹೋಗಿರುವ ಆನೆಯ ಬಂಧು. ಮೂಳೆಯಲ್ಲಿ ಈ ಬಲೆ ಇರುವುದಿಲ್ಲ, ಸಣ್ಣ ಕಪ್ಪು ಚುಕ್ಕೆಗಳೋ ಗೀರುಗಳೋ ಇರುತ್ತವೆ. ಸೆಲ್ಯುಲಾಯ್ಡಿನಲ್ಲಿ ಸ್ಕೇಲ್ ಇಟ್ಟು ಎಳೆದಂಥ ಸಮಗೆರೆಗಳು.

ದಂತ ಅಸಲಿ ಎಂದು ಗೊತ್ತಾದ ಮಾತ್ರಕ್ಕೆ ಅದು ರಾಣಿಯದ್ದಾಗಿಬಿಡುವುದಿಲ್ಲ. 19ನೇ ಶತಮಾನದಲ್ಲಿ ಹಳೇ ಶೈಲಿಯ ಕೆತ್ತನೆಗೆ ಬೇಡಿಕೆ ಬಂದಾಗ ಹೊಸ ದಂತದಲ್ಲೇ ಎಷ್ಟೋ ‘ಹಳೇ’ ವಸ್ತುಗಳು ಹುಟ್ಟಿದವು. ಹಳದಿ ಬಣ್ಣವೂ ಸಾಕ್ಷಿಯಲ್ಲ, ಚಹಾ ಕಷಾಯದಲ್ಲೂ ಹಳದಿ ಬರುತ್ತದೆ. ಕೊಳ್ಳುವ, ಮಾರುವ ಯೋಚನೆಯಂತೂ ಬೇಡ. ಭಾರತದಲ್ಲಿ ದಂತದ ವ್ಯಾಪಾರಕ್ಕೆ ಕಾನೂನಿನ ನಿಷೇಧವಿದೆ.

ಯಾರೂ ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. 14ನೇ ಶತಮಾನದ ಪ್ಯಾರಿಸ್ಸಿನಲ್ಲಿ ಸಿರಿವಂತ ಹೆಂಗಸರಿಗೆ ಚರ್ಮದ ಪೆಟ್ಟಿಗೆಯಲ್ಲಿ ಬಾಚಣಿಗೆ, ಕನ್ನಡಿ, ಬೈತಲೆ ತೆಗೆಯುವ ಕಡ್ಡಿ ಒಟ್ಟಿಗೇ ಸಿಗುತ್ತಿದ್ದವು. ಕನ್ನಡಿಯ ದಂತದ ಕವಚ ಅಂಗೈಯಗಲ. ಅದರ ಮೇಲೆ ಅವರಿಗೆ ಬಲು ಇಷ್ಟವಾದ ಒಂದು ದೃಶ್ಯವಿತ್ತು: ಪ್ರೇಮದ ಕೋಟೆಗೆ ಮುತ್ತಿಗೆ. ಕೆಳಗೆ ಕುದುರೆಯೇರಿ ಬಂದ ಯೋಧರು, ಮೇಲೆ ಗೋಡೆಯಿಂದ ಅವರ ಮೇಲೆ ಗುಲಾಬಿ ಎಸೆಯುವ ಹೆಂಗಸರು. ಅಂಥ ಕವಚಗಳನ್ನು ಲೂವ್ರ್ ಮ್ಯೂಸಿಯಂನಲ್ಲಿ ನೋಡಬಹುದು. ಇವೆಲ್ಲ ಮೊದಲಿನಿಂದಲೂ ಹೀಗೇ ಬಿಳಿಯಾಗಿದ್ದವು ಅಂದುಕೊಳ್ಳುತ್ತೇವೆ. ಆದರೆ ಆ ಕಾಲದ ಎಷ್ಟೋ ಕೆತ್ತನೆಗಳ ಕೂದಲಿಗೆ, ಸೆರಗಿನಂಚಿಗೆ ಚಿನ್ನ, ತುಟಿಗೆ ಬಣ್ಣ ಹಚ್ಚಿದ್ದರು. ಆಮೇಲೆ ತೊಳೆದು ಉಜ್ಜಿ ಅದು ಹೋಯಿತು. ಭೂತಗನ್ನಡಿ ಹಿಡಿದಿದ್ದೀರಲ್ಲ, ಗೆರೆ ನೋಡಿದ ಮೇಲೆ ಮಡಿಕೆಗಳ ಸಂದಿಯನ್ನೂ ಒಮ್ಮೆ ನೋಡಿ. ಕೆಲವದರಲ್ಲಿ ಚಿನ್ನದ ಪುಡಿ ಇನ್ನೂ ಅಂಟಿಕೊಂಡಿರುತ್ತದೆ.