ವಿಲನ್‌ನ ನೋವು ಬೇರೆ, ಉದ್ದೇಶ ಬೇರೆ

ಸೂಪರ್‌ಹೀರೋ ಸಿನಿಮಾಗಳ ವಿಲನ್ ಬಗ್ಗೆ 'ಇವನ ಉದ್ದೇಶವೇನು?' ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಅವನ ಹಳೆಯ ಕತೆ ಬರೆದು ಮುಗಿಸಿಬಿಡುತ್ತೇವೆ. ಅಪ್ಪನನ್ನು ಕೊಂದರು, ಕೆಲಸ ಕಿತ್ತುಕೊಂಡರು, ಊರು ನಾಶವಾಯಿತು. ಇದೆಲ್ಲ ನೋವು. ನೋವು ಕಂಡರೆ ನಮಗೆ ಕನಿಕರ ಹುಟ್ಟುತ್ತದೆ. ಆದರೆ ಅವನು ಮುಂದೆ ಏನು ಮಾಡುತ್ತಾನೆ ಅನ್ನೋದು ಅದರಿಂದ ಗೊತ್ತಾಗುವುದಿಲ್ಲ.

ನಡುವೆ ಇನ್ನೊಂದು ಮೆಟ್ಟಿಲಿದೆ. ಆ ನೋವಿನಿಂದ ಅವನು ಲೋಕದ ಬಗ್ಗೆ ಏನು ತೀರ್ಮಾನಕ್ಕೆ ಬಂದ? ತುಂಬ ಜನ ದಾಟಿಹೋಗುವ ಮೆಟ್ಟಿಲು ಇದೇ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

'ಎಕ್ಸ್-ಮೆನ್: ಫಸ್ಟ್ ಕ್ಲಾಸ್' (2011) ತೆಗೆದುಕೊಳ್ಳಿ. ನಾತ್ಸಿ ಶಿಬಿರದಲ್ಲಿ ಹುಡುಗ ಎರಿಕ್, ಮುಂದೆ ಮ್ಯಾಗ್ನೆಟೊ ಎಂಬ ವಿಲನ್ ಆಗುವವನು. ಲೋಹವನ್ನು ಮುಟ್ಟದೆ ಕದಲಿಸುವ ಶಕ್ತಿ ಅವನಿಗಿದೆ. ಮೇಜಿನ ಮೇಲೆ ಒಂದು ನಾಣ್ಯ. ಮೂರು ಎಣಿಸುವುದರೊಳಗೆ ಅದನ್ನು ಮುಟ್ಟದೆ ಕದಲಿಸಬೇಕು. ಅವನಿಂದ ಆಗುವುದಿಲ್ಲ. ಎದುರು ಕೂತ ಶ್ಮಿಟ್ ಅವನ ಅಮ್ಮನಿಗೆ ಗುಂಡು ಹೊಡೆಯುತ್ತಾನೆ. ಎಷ್ಟೋ ವರ್ಷಗಳ ನಂತರ ಎರಿಕ್ ಅದೇ ನಾಣ್ಯವನ್ನು ಅದೇ ಮನುಷ್ಯನ ತಲೆಯೊಳಗೆ ತೂರಿಸುತ್ತಾನೆ. ಸೇಡೇ ಅವನ ಉದ್ದೇಶವಾಗಿದ್ದರೆ ಕತೆ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ? ಮುಗಿಯುವುದಿಲ್ಲ. ಕೊಲ್ಲುವ ಮೊದಲು, ನಮ್ಮಂಥ ವಿಶೇಷ ಶಕ್ತಿಯವರದೇ ಮುಂದಿನ ಕಾಲ ಎಂದು ನೀನು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ ಎಂದೇ ಅವನು ಹೇಳುತ್ತಾನೆ. ಆಮೇಲೆ ಇಂಥ ಶಕ್ತಿಯವರನ್ನು ಕೊಲ್ಲಲು ಹಡಗುಗಳಿಂದ ಬಂದ ಕ್ಷಿಪಣಿಗಳನ್ನು ಆ ಹಡಗುಗಳತ್ತಲೇ ತಿರುಗಿಸುತ್ತಾನೆ. ಹಡಗಿನಲ್ಲಿರುವವರು ಬರೀ ಆಜ್ಞೆ ಪಾಲಿಸುವವರು ಎಂದು ಗೆಳೆಯ ಚಾರ್ಲ್ಸ್ ತಡೆಯಲು ನೋಡುತ್ತಾನೆ. ಎರಿಕ್‌ನ ಜೀವನ ಹಾಳುಮಾಡಿದ್ದು ಆಜ್ಞೆ ಪಾಲಿಸಿದವರೇ. ಹಾಗಾಗಿ ಆ ಮಾತು ಅವನನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ನೋವು: ಅಮ್ಮನ ಸಾವು. ತೀರ್ಮಾನ: ಬೇರೆಯಾಗಿರುವವರನ್ನು ಲೋಕ ಬದುಕಲು ಬಿಡುವುದಿಲ್ಲ, ಮೊದಲು ನಾವೇ ಹೊಡೆಯಬೇಕು. ಮ್ಯಾಗ್ನೆಟೊನನ್ನು ನಡೆಸುವುದು ಈ ಎರಡನೆಯದು.

ಒಂದೇ ಬಗೆಯ ನೋವಿನಿಂದ ಇಬ್ಬರು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. 'ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್' (2016) ಚಿತ್ರದಲ್ಲಿ ಝೀಮೋ ಸೂಪರ್‌ಹೀರೋಗಳ ಕಾದಾಟದಲ್ಲಿ ತನ್ನ ಕುಟುಂಬವನ್ನು ಕಳೆದುಕೊಂಡು ಸೇಡಿಗೆ ಇಳಿದವನು. ಅವನು ಇಟ್ಟ ಬಾಂಬಿನಿಂದ, ವಕಾಂಡ ಎಂಬ ಕಾಲ್ಪನಿಕ ಆಫ್ರಿಕನ್ ದೇಶದ ರಾಜಕುಮಾರ ಟಿಚಾಲಾ ತನ್ನ ಅಪ್ಪನನ್ನು ಕಳೆದುಕೊಳ್ಳುತ್ತಾನೆ. ಕೊನೆಗೆ ಟಿಚಾಲಾ ಸೇಡು ಬಿಟ್ಟು, ಸಾಯಲು ಹೊರಟ ಝೀಮೋನನ್ನೇ ತಡೆಯುತ್ತಾನೆ.

ಇನ್ನು ನನಗೆ ತುಂಬ ಇಷ್ಟವಾದ ಸುಲಭ ದಾರಿ. ವಿಲನ್ ಹೇಳುವ ಮಾತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕೇಳಿದ್ದು ಕೈಗೆ ಸಿಕ್ಕ ಮೇಲೆ ಅವನು ಮೊದಲು ಏನು ಮಾಡುತ್ತಾನೆ ನೋಡಿ.

'ಬ್ಲ್ಯಾಕ್ ಪ್ಯಾಂಥರ್' (2018) ಚಿತ್ರದ ಕಿಲ್‌ಮಾಂಗರ್‌ಗೆ ಈ ಪರೀಕ್ಷೆ ಚೆನ್ನಾಗಿ ಒಪ್ಪುತ್ತದೆ. 1992ರಲ್ಲಿ ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ಅವನ ಅಪ್ಪನನ್ನು ಕೊಂದದ್ದು ಸ್ವಂತ ದೊಡ್ಡಪ್ಪ, ವಕಾಂಡದ ರಾಜ, ಅಂದರೆ ಟಿಚಾಲಾನ ಅಪ್ಪ. ಹುಡುಗನನ್ನು ಅಲ್ಲೇ ಬಿಟ್ಟು ಹೋದರು. ದೊಡ್ಡವನಾಗಿ ಬಂದು ಸಿಂಹಾಸನ ಗೆಲ್ಲುತ್ತಾನೆ. ಲೋಕದಲ್ಲಿ ತುಳಿತಕ್ಕೆ ಸಿಕ್ಕ ಕಪ್ಪು ಜನರಿಗೆ ವಕಾಂಡದ ಆಯುಧ ಕೊಡಬೇಕು ಅನ್ನುತ್ತಾನೆ. ಆದರೆ ಆಯುಧ ಹೊರಡುವ ಮೊದಲೇ ಇನ್ನೊಂದು ಕೆಲಸ ನಡೆಯುತ್ತದೆ. ರಾಜರಿಗೆ ಶಕ್ತಿ ಕೊಡುವ ಮೂಲಿಕೆಯ ತೋಟವನ್ನು ಸುಡಿಸುತ್ತಾನೆ. ಮುಂದಿನ ರಾಜನಿಗೆ ಬೇಕಲ್ಲ ಎಂದ ಹೆಂಗಸಿನ ಕುತ್ತಿಗೆ ಹಿಡಿದು ಎತ್ತುತ್ತಾನೆ. ಜನರ ಬಿಡುಗಡೆಗೂ ಆ ತೋಟಕ್ಕೂ ಏನು ಸಂಬಂಧ? ಏನೂ ಇಲ್ಲ. ತನ್ನನ್ನು ಬಿಟ್ಟುಹೋದ ವಂಶ ತನ್ನ ನಂತರ ಉಳಿಯಬಾರದು ಎಂಬ ಆಸೆ ಅಲ್ಲಿ ಹೊರಬೀಳುತ್ತದೆ.

ಹಾಗಂತ ಅವನ ಮಾತು ಸುಳ್ಳು ಎಂದು ಬರೆಯಬೇಡಿ. ಎರಡೂ ಒಟ್ಟಿಗೆ ಇವೆ. ಚಿತ್ರದ ಹೀರೋ ಟಿಚಾಲಾ ತನ್ನ ಪೂರ್ವಜರ ಎದುರು ನಿಂತು, ನೀವು ಮಾಡಿದ್ದು ತಪ್ಪು ಅನ್ನುತ್ತಾನೆ. ಕೊನೆಗೆ ಓಕ್‌ಲ್ಯಾಂಡ್‌ನಲ್ಲೇ ನೆರವಿನ ಕೇಂದ್ರ ತೆರೆಯಲು ಹೊರಡುತ್ತಾನೆ. ಹೀರೋ ತನ್ನದಾಗಿಸಿಕೊಂಡ ಭಾಗವೇ ವಿಲನ್‌ನ ನ್ಯಾಯವಾದ ಬೇಡಿಕೆ. ಅವನು ಬಿಟ್ಟ ಭಾಗ ಗಾಯದಿಂದ ಬಂದದ್ದು.

'ಅವೆಂಜರ್ಸ್' ಚಿತ್ರಗಳ ವಿಲನ್ ಥಾನೋಸ್‌ಗೂ ಇದೇ ಪರೀಕ್ಷೆ. ಅರ್ಧ ಜೀವಗಳನ್ನು ಅಳಿಸಿದರೆ ಉಳಿದವರು ಚೆನ್ನಾಗಿ ಬದುಕುತ್ತಾರೆ ಎಂಬುದು ಅವನ ವಾದ. 'ಎಂಡ್‌ಗೇಮ್' (2019) ಚಿತ್ರದಲ್ಲಿ, ಉಳಿದವರು ಸತ್ತವರನ್ನು ಮರೆತಿಲ್ಲ ಎಂದು ಗೊತ್ತಾಗುತ್ತದೆ. ಆಗ ಎಲ್ಲವನ್ನೂ ಅಳಿಸಿ, ತನಗೆ ಕೃತಜ್ಞವಾಗಿರುವ ಹೊಸ ವಿಶ್ವ ಕಟ್ಟುತ್ತೇನೆ ಅನ್ನುತ್ತಾನೆ. ಜೀವಗಳ ಚಿಂತೆ ಅಲ್ಲಿ ಕಾಣುವುದಿಲ್ಲ. ಅವನನ್ನು ಅನುಕಂಪದ ವಿಲನ್‌ಗಳ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ.

'ಸ್ಪೈಡರ್-ಮ್ಯಾನ್ 2' (2004) ಚಿತ್ರದ ಡಾಕ್ಟರ್ ಆಕ್ಟೋಪಸ್ ಹತ್ತಿರ ಮಾತ್ರ ಸ್ವಲ್ಪ ನಿಧಾನಿಸಿ. ಯಂತ್ರದ ತೋಳುಗಳನ್ನು ಹತೋಟಿಯಲ್ಲಿಡುವ ಚಿಪ್ ಸುಟ್ಟುಹೋಗುತ್ತದೆ, ಆಮೇಲೆ ತೋಳುಗಳೇ ಅವನ ತಲೆ ಕೆಡಿಸುತ್ತವೆ. ಹಾಗಾದರೆ ಉದ್ದೇಶ ತೋಳುಗಳದ್ದೇ ಎಂದು ಅನ್ನಿಸಬಹುದು. ಪ್ರಯೋಗದ ದೃಶ್ಯಕ್ಕೆ ವಾಪಸ್ ಹೋಗಿ ನೋಡಿ. ಯಂತ್ರ ಕೈಮೀರುತ್ತಿದೆ, ನಿಲ್ಲಿಸು ಎಂದು ಸುತ್ತಲಿದ್ದವರು ಕೂಗುತ್ತಿದ್ದಾರೆ. ಅವನು ನಿಲ್ಲಿಸುವುದಿಲ್ಲ. ಚಿಪ್ ಆಗ ಇನ್ನೂ ಸರಿಯಾಗಿಯೇ ಇತ್ತು.