ಇಂಡಕ್ಷನ್ ಮೇಲೆ ಜೋಳದ ರೊಟ್ಟಿ ಉಬ್ಬುತ್ತದಾ?

ಓದುಗರ ಪ್ರಶ್ನೆ: ಹುಬ್ಬಳ್ಳಿಯ ನವನಗರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮುಂದಿನ ತಿಂಗಳು ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಹಾಕುತ್ತಾರೆ. ಕಲ್ಲು ಕತ್ತರಿಸಿ ಹಾಬ್ (ಕಟ್ಟೆಯೊಳಗೆ ಇಳಿದು ಕೂರುವ ಗ್ಯಾಸ್ ಒಲೆ) ಕೂರಿಸಿ ಅಂತ ಒಬ್ಬರು ಹೇಳುತ್ತಾರೆ, ಈಗಿನ ಕಾಲಕ್ಕೆ ಪೂರ್ತಿ ಇಂಡಕ್ಷನ್ ಮಾಡಿಸಿ ಅಂತ ಇನ್ನೊಬ್ಬರು. ಮನೆಯಲ್ಲಿ ಐದು ಜನ. ದಿನಾ ಜೋಳದ ರೊಟ್ಟಿ ಆಗಲೇಬೇಕು. ಯಾವುದು ಸರಿ?

ದಿನಾ ರೊಟ್ಟಿ ಅಂದಿರಲ್ಲ, ಹಾಗಾದರೆ ಗ್ಯಾಸ್ ಬಿಡಬೇಡಿ. ಅದರ ಪಕ್ಕಕ್ಕೆ ಒಂದು ಇಂಡಕ್ಷನ್ ಇಟ್ಟುಕೊಳ್ಳಿ. ರೊಟ್ಟಿ, ಒಗ್ಗರಣೆ, ಬದನೆಕಾಯಿ ಸುಡುವ ಕೆಲಸ ಗ್ಯಾಸಿನ ಉರಿ ಮೇಲೆ ಆಗಲಿ. ಹಾಲು, ಚಹಾ, ಅನ್ನ, ಬೇಳೆ ಇಂಡಕ್ಷನ್ ಮೇಲೆ ಆಗಲಿ. ಕಲ್ಲು ಕತ್ತರಿಸಬೇಕೋ ಬೇಡವೋ ಅನ್ನುವ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ರೊಟ್ಟಿ.

ಒಮ್ಮೆ ಧಾರವಾಡದ ನಮ್ಮ ಮನೆಯಲ್ಲಿ ಸಿಲಿಂಡರ್ ಖಾಲಿಯಾಗಿ, ಇನ್ನೊಂದು ಬರುವುದು ಎಂಟು ದಿನ ತಡವಾಯಿತು. ಅಷ್ಟೂ ದಿನ ಅವ್ವ ಇಂಡಕ್ಷನ್ ಮೇಲೆ ರೊಟ್ಟಿ ಮಾಡಿದಳು. ಹಂಚು ಕಬ್ಬಿಣದ್ದು, ಹನ್ನೊಂದು ಇಂಚು ಅಗಲ, ತಳ ಸಪಾಟು. ಎರಡು ನಿಮಿಷಕ್ಕೇ ಹಂಚಿನ ನಡುವೆ ಹೊಗೆ ಎದ್ದಿತು. ಅವ್ವ ಮೊದಲ ರೊಟ್ಟಿ ಬಡಿದು ಹಾಕಿದಳು, ಮೇಲೆ ನೀರು ಸವರಿದಳು, ನೀರು ಆರಿದ ಮೇಲೆ ತಿರುವಿದಳು. ನಡುವೆ ಅಂಗೈ ಅಗಲ ಕರ್ರಗೆ ಸುಟ್ಟಿತ್ತು. ಅಂಚು ಇನ್ನೂ ಹಸಿ ಹಿಟ್ಟಿನ ಬಣ್ಣದಲ್ಲೇ ಇತ್ತು. ಅರಿವೆಯಿಂದ ಒತ್ತಿದರೆ ಒಂದು ಕಡೆ ಸ್ವಲ್ಪ ಏಳುತ್ತದೆ, ಇನ್ನೊಂದು ಕಡೆ ಬಿರಿದು ಹಬೆ ಹೊರಗೆ ಹೋಗುತ್ತದೆ. ನಾಲ್ಕನೇ ರೊಟ್ಟಿ ಹಾಕುವಷ್ಟರಲ್ಲಿ ಒಲೆ ಕುಂಯ್ ಅಂತ ಸದ್ದು ಮಾಡಿ ತಾನಾಗೇ ಬಂದ್ ಆಯಿತು. "ಇದರಾಗ ಉಸಿರ ಇಲ್ಲ ನೋಡು" ಅಂದಳು ಅವ್ವ, ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತಾ.

ಯಾಕೆ ಹೀಗೆ? ಇಂಡಕ್ಷನ್‌ನ ಗಾಜಿನ ಕೆಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಇರುತ್ತದೆ. ಅದರಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಸಲ ದಿಕ್ಕು ಬದಲಿಸುವ ಕರೆಂಟು ಓಡುತ್ತದೆ. ಅದರಿಂದ ಮೇಲಿನ ಕಬ್ಬಿಣದ ತಳವೇ ಬಿಸಿಯಾಗುತ್ತದೆ. ಗಾಜಿಗೆ ಬಿಸಿ ಬರುವುದು ಪಾತ್ರೆಯಿಂದ. ಅಂದರೆ ಕಾಯಿಲ್ ಎಷ್ಟು ಅಗಲ ಇದೆಯೋ ಹಂಚು ಅಷ್ಟೇ ಅಗಲ ಕಾಯುತ್ತದೆ. ಮನೆಬಳಕೆಯ ಸಾಮಾನ್ಯ ಇಂಡಕ್ಷನ್‌ನಲ್ಲಿ ಅದು ಏಳೆಂಟು ಇಂಚು. ಕಬ್ಬಿಣ ಬಿಸಿಯನ್ನು ಪಕ್ಕಕ್ಕೆ ಬೇಗ ಹರಡುವುದಿಲ್ಲ, ಹಾಗಾಗಿ ನಮ್ಮ ಹಂಚಿನ ಅಂಚು ತಣ್ಣಗೇ ಉಳಿಯುತ್ತದೆ. ಗ್ಯಾಸಿನ ಉರಿ ಹಂಚಿನ ಕೆಳಗೆ ಹರಡಿಕೊಂಡು ಅಂಚಿನವರೆಗೂ ಹೋಗುತ್ತದೆ.

ಇನ್ನು ಜೋಳದ ಗುಣ. ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೇ ಅಲ್ವಾ ನಾವು ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುವುದು? ಆ ಬಿಸಿಗೆ ಹಿಟ್ಟಿನ ಪಿಷ್ಟ ಜಿಗುಟಾಗಿ ಕೂಡಿಕೊಳ್ಳುತ್ತದೆ, ಆದರೂ ಅದು ಚಪಾತಿಯಷ್ಟು ಎಳೆತಕ್ಕೆ ಬಾಗುವುದಿಲ್ಲ. ರೊಟ್ಟಿ ಉಬ್ಬಬೇಕಾದರೆ ಮೇಲಿನ ಪದರ, ಕೆಳಗಿನ ಪದರ ಎರಡೂ ಸುತ್ತಲೂ ಸಮನಾಗಿ ಗಟ್ಟಿಯಾಗಬೇಕು, ಒಳಗಿನ ನೀರು ಹಬೆಯಾಗಿ ನಡುವೆ ಸಿಕ್ಕಿಕೊಳ್ಳಬೇಕು. ಎಲ್ಲೋ ಒಂದು ಕಡೆ ಅಂಚು ಹಸಿ ಉಳಿದರೆ ಅಲ್ಲೇ ಬಿರಿಯುತ್ತದೆ. ಮನೆಯಲ್ಲಿ ರೊಟ್ಟಿಯನ್ನು ಕೊನೆಗೆ ನೇರ ಉರಿಗೆ ಹಿಡಿಯುವುದು ಇದಕ್ಕೇ. ಇಂಡಕ್ಷನ್‌ನಲ್ಲಿ ಉರಿಯೇ ಇಲ್ಲ, ಹಿಡಿಯುವುದೆಲ್ಲಿ?

ತಾನಾಗೇ ಬಂದ್ ಆಗಿದ್ದು ಕೆಟ್ಟು ಹೋಗಿ ಅಲ್ಲ. ಗಾಜಿನ ಕೆಳಗೆ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ. ರೊಟ್ಟಿಗೆ ಬೇಕಾದಷ್ಟು ಹಂಚು ಕಾದರೆ ಅದಕ್ಕೆ ಅಪಾಯ ಅನ್ನಿಸುತ್ತದೆ, ಕರೆಂಟು ಕಡಿಯುತ್ತದೆ. ಇನ್ನೊಂದು ಕೊರತೆ ಸಣ್ಣ ಉರಿಯದು. ಕಡಿಮೆ ಬೆಲೆಯ ಇಂಡಕ್ಷನ್‌ಗಳು ಉರಿಯನ್ನು ನಿಜವಾಗಿ ಸಣ್ಣ ಮಾಡುವುದಿಲ್ಲ. ಸ್ವಲ್ಪ ಹೊತ್ತು ಜೋರಾಗಿ ನಡೆದು, ಸ್ವಲ್ಪ ಹೊತ್ತು ಬಂದ್ ಆಗಿ, ಸರಾಸರಿ ತೋರಿಸುತ್ತವೆ. ಹೋಳಿಗೆ ಬೇಯಿಸುವಾಗ, ಪೇಢಾಕ್ಕೆ ಹಾಲು ಬತ್ತಿಸಿ ಖವಾ ಮಾಡುವಾಗ ಇದು ಕೈಕೊಡುತ್ತದೆ. ತಳ ಹಿಡಿದದ್ದು ಮೂಗಿಗೆ ಬಡಿಯುವಷ್ಟರಲ್ಲಿ ತಡವಾಗಿರುತ್ತದೆ.

ಹಾಗಂತ ಇಂಡಕ್ಷನ್ ಬೇಡ ಅನ್ನಬೇಡಿ, ಅದರ ಕೆಲಸ ಬೇರೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿ ಬರುವವರೆಗೆ ಕಾಯಿಸಲು 1800 ವ್ಯಾಟ್‌ನ ಇಂಡಕ್ಷನ್‌ಗೆ ಲೆಕ್ಕದ ಪ್ರಕಾರ ಮೂರೂವರೆ ನಿಮಿಷದ ಒಳಗೇ ಆಗುತ್ತದೆ. ಅಡುಗೆಮನೆ ಕಾಯುವುದಿಲ್ಲ. ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲಿನಲ್ಲಿ ಒಲೆ ಮುಂದೆ ನಿಂತವರಿಗೆ ಇದರ ಬೆಲೆ ಗೊತ್ತು. ಬೆಳಗಿನ ಹಾಲು, ಚಹಾ, ಕುಕ್ಕರ್, ಇಷ್ಟು ಅದರ ಮೇಲೆ ಹೋದರೆ ಸಾಕು, ರೊಟ್ಟಿ ಮಾಡುವವರಿಗೆ ದೊಡ್ಡ ಬರ್ನರ್ ಪೂರ್ತಿ ಬಿಡುವಾಗಿ ಸಿಗುತ್ತದೆ.

ಈಗ ದುಡ್ಡಿನ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಭಾರತೀಯ ಮಾನದಂಡ ಐಎಸ್ 4246 ಪ್ರಕಾರ ಮನೆಯ ಗ್ಯಾಸ್ ಒಲೆ ಕನಿಷ್ಠ ಶೇ 68ರಷ್ಟು ಬಿಸಿಯನ್ನು ಪಾತ್ರೆಗೆ ಮುಟ್ಟಿಸಬೇಕು. ಇಂಡಕ್ಷನ್ ಸುಮಾರು ಶೇ 85ರಿಂದ 90 ಮುಟ್ಟಿಸುತ್ತದೆ. ಇವೆರಡನ್ನು ಹಿಡಿದು ಲೆಕ್ಕ ಹಾಕಿದರೆ, ಒಂದು ಕಿಲೋ ಗ್ಯಾಸ್ ಮಾಡುವ ಅಡುಗೆಗೆ ಇಂಡಕ್ಷನ್ ಸುಮಾರು 10 ಯೂನಿಟ್ ಕರೆಂಟು ತಿನ್ನುತ್ತದೆ. ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ, ನಿಮ್ಮ ಸಿಲಿಂಡರ್ ಬಿಲ್ಲನ್ನು ಅದರಿಂದ ಭಾಗಿಸಿ, ಕಿಲೋ ದರ ಸಿಗುತ್ತದೆ. ಹೆಸ್ಕಾಂ ಬಿಲ್ಲಿನ ಯೂನಿಟ್ ದರವನ್ನು ಹತ್ತರಿಂದ ಗುಣಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯೂನಿಟ್ಟಿಗೆ 6 ರೂಪಾಯಿ ಬಿದ್ದರೆ ಕಿಲೋ ಗ್ಯಾಸಿನ ಕೆಲಸಕ್ಕೆ 60 ರೂಪಾಯಿ ಆಯಿತು.

ಗೃಹಜ್ಯೋತಿ ಇದೆಯಲ್ಲ, ಕರೆಂಟು ಹೇಗೂ ಪುಕ್ಕಟೆ ಅಂತ ನೀವು ಅಂದುಕೊಂಡಿದ್ದರೆ ಇಲ್ಲೇ ಹುಷಾರಾಗಬೇಕು. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಸಿಗುವುದಿಲ್ಲ. 2022-23ರಲ್ಲಿ ನೀವು ತಿಂಗಳಿಗೆ ಬಳಸಿದ ಸರಾಸರಿಗೆ ಸಾಮಾನ್ಯವಾಗಿ ಶೇ 10 ಸೇರಿಸಿ ಅಷ್ಟು ಮಾತ್ರ ಉಚಿತ. ಅದರ ಮೇಲೆ 200ರವರೆಗೆ ಬಳಸಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಹೊಸ ಮೀಟರ್‌ಗೆ ಹಳೆಯ ಸರಾಸರಿ ಇರುವುದಿಲ್ಲ, ಅದಕ್ಕೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು 58 ಯೂನಿಟ್ ಕೊಡುತ್ತಾರೆ. ನಿಮ್ಮದು ಹೊಸ ಮನೆ. ತಿಂಗಳಿಗೊಂದು ಸಿಲಿಂಡರ್ ಖರ್ಚಾಗುವ ಮನೆಯಲ್ಲಿ ಎಲ್ಲ ಅಡುಗೆ ಇಂಡಕ್ಷನ್ ಮೇಲೆ ಹೋದರೆ 140 ಯೂನಿಟ್ ಹೊಸದಾಗಿ ಸೇರುತ್ತದೆ. ಫ್ರಿಜ್, ಫ್ಯಾನ್, ಬೋರ್ ಪಂಪಿನ ಜೊತೆ ಅದು 200 ದಾಟುವುದಕ್ಕೆ ಎಷ್ಟು ಹೊತ್ತು?

ರೊಟ್ಟಿಯದೇ ಲೆಕ್ಕ ತೆಗೆದರೆ ಬೇರೆ ಚಿತ್ರ ಕಾಣುತ್ತದೆ. ದೊಡ್ಡ ಬರ್ನರ್ ಜೋರು ಉರಿಯಲ್ಲಿ ಗಂಟೆಗೆ 150ರಿಂದ 200 ಗ್ರಾಂ ಗ್ಯಾಸ್ ಸುಡುತ್ತದೆ. ದಿನಕ್ಕೆ ನಲವತ್ತು ನಿಮಿಷ ರೊಟ್ಟಿ ಅಂದರೂ ತಿಂಗಳಿಗೆ ಇಪ್ಪತ್ತು ಗಂಟೆ, ಮೂರರಿಂದ ನಾಲ್ಕು ಕಿಲೋ. ಸಿಲಿಂಡರಿನ ಕಾಲು ಭಾಗ ಅಷ್ಟೇ. ಉಳಿದದ್ದರಲ್ಲಿ ಹಾಲು, ಚಹಾ, ಕುಕ್ಕರಿನ ಪಾಲು ಇಂಡಕ್ಷನ್‌ಗೆ ಹೋಗಲಿ, ಪಲ್ಯ, ಒಗ್ಗರಣೆ ಗ್ಯಾಸ್ ಮೇಲೇ ಇರಲಿ. ಅವ್ವ ಈಗ ಹಾಗೇ ಮಾಡುತ್ತಾಳೆ. ಸಿಲಿಂಡರ್ ಬರುವುದು ತಡವಾದರೂ ಮನೆಯಲ್ಲಿ ಗಾಬರಿ ಇಲ್ಲ.

ಇನ್ಫ್ರಾರೆಡ್ ಒಲೆ ಅಂತ ಇನ್ನೊಂದನ್ನು ಅಂಗಡಿಯವರು ತೋರಿಸುತ್ತಾರೆ. ಗಾಜಿನ ಕೆಳಗೆ ಕೆಂಪಗೆ ಕಾಯುವ ತಂತಿ. ಅಲ್ಯೂಮಿನಿಯಂ, ಹಿತ್ತಾಳೆ, ಯಾವ ಪಾತ್ರೆಯಾದರೂ ನಡೆಯುತ್ತದೆ, ಅದೊಂದೇ ಅದರ ಹೆಚ್ಚುಗಾರಿಕೆ. ಕಾಯಲು ತಡ, ಆರಲು ಇನ್ನೂ ತಡ. ಬಂದ್ ಮಾಡಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತಿರುತ್ತದೆ. ಸಣ್ಣ ಮಕ್ಕಳಿರುವ ಮನೆಗೆ ನಾನಂತೂ ಹೇಳುವುದಿಲ್ಲ.

ಈಗ ಕಲ್ಲು ಕತ್ತರಿಸುವ ಮಾತು. ಹಾಬ್ ಅಂದರೆ ಉರಿ ಬೇರೆ ಅಂತಲ್ಲ, ಅದೂ ಗ್ಯಾಸ್ ಒಲೆಯೇ, ಕಟ್ಟೆಯೊಳಗೆ ಇಳಿದು ಕೂತಿರುತ್ತದೆ ಅಷ್ಟೇ. ಅದರಿಂದ ನಿಜವಾದ ಲಾಭ ಎತ್ತರದ್ದು. ಕಟ್ಟೆ ಮೂವತ್ತನಾಲ್ಕು ಇಂಚು ಇದ್ದು, ಅದರ ಮೇಲೆ ನಾಲ್ಕೈದು ಇಂಚಿನ ಒಲೆ ಕೂತರೆ, ಐದಡಿ ಎತ್ತರದ ಹೆಣ್ಣುಮಗಳು ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸಲು ಭುಜ ಎತ್ತಬೇಕಾಗುತ್ತದೆ. ಹಾಬ್‌ನಲ್ಲಿ ಆ ಕಷ್ಟ ಕಡಿಮೆ. ಆದರೆ ಇದನ್ನೇ ಇನ್ನೊಂದು ರೀತಿಯಲ್ಲೂ ಮಾಡಬಹುದು. ಒಲೆ ಇಡುವಷ್ಟು ಜಾಗದಲ್ಲಿ ಕಟ್ಟೆಯನ್ನೇ ನಾಲ್ಕು ಇಂಚು ತಗ್ಗಿಸಿ ಕಲ್ಲು ಹಾಕಿಸಿ. ಆಗ ಸಾದಾ ಒಲೆಯೇ ಹಾಬ್‌ನ ಮಟ್ಟಕ್ಕೆ ಬರುತ್ತದೆ. ನಾಳೆ ಒಲೆ ಬದಲಾಯಿಸಿದರೂ ಕಲ್ಲು ಮುಟ್ಟಬೇಕಾಗಿಲ್ಲ. ಹಾಬ್ ಕೆಟ್ಟು ಹೊಸದು ತಂದರೆ ಅದರ ಅಳತೆ ಹಳೆಯ ತೂತಿಗೆ ಕೂಡದೆ ಪೇಚಾಡುವವರು ಬಹಳ. ನನ್ನ ಮನಸ್ಸು ತಗ್ಗಿಸಿದ ಕಟ್ಟೆಯ ಕಡೆಗೇ ಇದೆ.

ಹಾಬ್ ಬೇಕೇ ಬೇಕು ಅಂದರೆ ಮೂರು ಬರ್ನರಿನದು ನೋಡಿ. ನಾಲ್ಕು ಬರ್ನರ್ ಒತ್ತೊತ್ತಾಗಿ ಇದ್ದರೆ ಹಂಚು ಇಟ್ಟ ಮೇಲೆ ಪಕ್ಕದ ಎರಡು ಸುಮ್ನೆ ಇರುತ್ತವೆ. ಅಂಗಡಿಗೆ ಹೋಗುವಾಗ ನಿಮ್ಮ ಹಂಚನ್ನೇ ಒಯ್ಯಿರಿ, ಇಟ್ಟು ನೋಡಿ, ಸಂಕೋಚ ಬೇಡ. ಉರಿ ಆರಿದರೆ ಗ್ಯಾಸ್ ತಾನಾಗೇ ನಿಲ್ಲುವ ಸಾಧನ ಇದೆಯಾ ಕೇಳಿ. ಬರ್ನರ್ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ಇರುತ್ತದೆ, ಅದು ತಣ್ಣಗಾದರೆ ಒಳಗಿನ ವಾಲ್ವ್ ಮುಚ್ಚಿಕೊಳ್ಳುತ್ತದೆ. ಹಾಲು ಉಕ್ಕಿ ಉರಿ ಆರಿದ್ದು ಗೊತ್ತಾಗದೆ ಗ್ಯಾಸ್ ಹರಿಯುತ್ತಿರುವುದು ಎಷ್ಟು ಮನೆಗಳಲ್ಲಿ ನಡೆಯುವುದಿಲ್ಲ? ಇದೊಂದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ಸರಿ. ಕೆಳಗಿನ ಕಪಾಟಿನ ಬಾಗಿಲಿಗೆ ತಳದಲ್ಲಿ ಗಾಳಿ ಕಿಂಡಿ ಇರಲೇಬೇಕು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಮುಂದೆ ನಿಮ್ಮ ಬಡಾವಣೆಗೆ ಪೈಪ್ ಗ್ಯಾಸ್ ಬಂದರೆ ಅದು ಗಾಳಿಗಿಂತ ಹಗುರ, ಅದಕ್ಕೆ ಮೇಲೆ ಕಿಂಡಿ ಬೇಕು, ಒಲೆಯ ನಾಜಲ್ (ಗ್ಯಾಸ್ ಹೊರಬರುವ ಸಣ್ಣ ತೂತಿನ ತುಂಡು) ಕೂಡ ಬದಲಾಯಿಸಬೇಕು. ಹಳೆಯ ನಾಜಲ್‌ನಲ್ಲಿ ಉರಿ ಸಪ್ಪಗೆ ಬರುತ್ತದೆ.

ಗಾಜಿನ ಮೇಲ್ಮೈಯೋ, ಸ್ಟೀಲೋ? ರೊಟ್ಟಿ ಮನೆಗೆ ಸ್ಟೀಲ್. ಗಾಜು ನೋಡಲು ಚಂದ, ಒರೆಸಲು ಸುಲಭ, ನಿಜ. ಆದರೆ ನಮ್ಮ ಕೈಯಲ್ಲಿ ಯಾವಾಗಲೂ ಒಂದು ಒದ್ದೆ ಅರಿವೆ ಇರುತ್ತದೆ. ರೊಟ್ಟಿಗೆ ನೀರು ಸವರಿ ಅದನ್ನು ಒಲೆಯ ಮೇಲೇ ಒಗೆಯುತ್ತೇವೆ. ಅಗಲ ಹಂಚಿನ ಕೆಳಗೆ ಮುಕ್ಕಾಲು ಗಂಟೆ ಕಾದ ಗಾಜಿಗೆ ತಣ್ಣೀರಿನ ಅರಿವೆ ಒಳ್ಳೆಯದಲ್ಲ. ಬೋರಿನ ನೀರಿನಲ್ಲಿ ಒರೆಸಿದರೆ ಬಿಳಿ ಕಲೆಯೂ ಉಳಿಯುತ್ತದೆ. ಸ್ಟೀಲೋ ಗಾಜೋ, ಬರ್ನರ್ ತೂತಿಗೆ ಜೋಳದ ಹಿಟ್ಟು ಬೀಳುವುದು ಮಾತ್ರ ತಪ್ಪಿದ್ದಲ್ಲ. ಉರಿ ನೀಲಿ ಹೋಗಿ ಹಳದಿಯಾಗಿ ಹಂಚಿನ ತಳ ಮಸಿಯಾದರೆ ಬರ್ನರ್ ತೆಗೆದು ಪಿನ್ನಿನಿಂದ ತೂತು ಬಿಡಿಸಿ.

ಇಂಡಕ್ಷನ್‌ಗೆ ವೈರಿಂಗ್ ಈಗಲೇ ಮಾಡಿಸಿ. 2000 ವ್ಯಾಟ್ ಅಂದರೆ ಸುಮಾರು 9 ಆಂಪಿಯರ್, ಮಿಕ್ಸರ್ ಹಚ್ಚುವ 6 ಆಂಪಿಯರ್ ಸಾಕೆಟ್ ಅದನ್ನು ತಡೆಯುವುದಿಲ್ಲ. ನಾವು ಮೊದಲ ತಿಂಗಳು ಕನ್ವರ್ಟರ್ ಹಾಕಿ ಅದರಲ್ಲೇ ನಡೆಸಿದೆವು. ಒಂದು ದಿನ ಸುಟ್ಟ ವಾಸನೆ ಬಂತು. ಪ್ಲಗ್ ಕಿತ್ತು ನೋಡಿದರೆ ಒಂದು ಕಾಲು ಕಂದು ಬಣ್ಣಕ್ಕೆ ತಿರುಗಿ, ಸುತ್ತಲಿನ ಪ್ಲಾಸ್ಟಿಕ್ ಮೇಣದಂತೆ ಕರಗಿ ಕೂತಿತ್ತು. 16 ಆಂಪಿಯರ್‌ದು ಎರಡು ಪಾಯಿಂಟ್, ಒಲೆಯಿಂದ ಎರಡಡಿ ದೂರ, ಪ್ರತ್ಯೇಕ ವೈರಿನಲ್ಲಿ ಕೊಡಿ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಿ. ಪೂರ್ತಿ ಇಂಡಕ್ಷನ್ ಹಾಬ್ ಕೂರಿಸುವುದಾದರೆ ನಾಲ್ಕು ಒಲೆಗೆ 7 ಕಿಲೋವ್ಯಾಟ್‌ವರೆಗೆ ಬೇಕಾಗುತ್ತದೆ. ಮೀಟರಿನ ಮಂಜೂರಾದ ಲೋಡ್ ಹೆಚ್ಚಿಸಬೇಕು, ಅದರೊಂದಿಗೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಮಳೆಗಾಲದ ರಾತ್ರಿ ಕರೆಂಟು ಹೋದರೆ ಮನೆಯ ಇನ್ವರ್ಟರ್ ಅದನ್ನು ಹೊರುವುದಿಲ್ಲ.

ಪಾತ್ರೆ ಕೊಳ್ಳಲು ದುರ್ಗದಬೈಲ್‌ಗೆ ಹೋಗುವಾಗ ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಒಂದನ್ನು ಕಿಸೆಯಲ್ಲಿ ಹಾಕಿಕೊಳ್ಳಿ. ಪಾತ್ರೆಯ ತಳಕ್ಕೆ ಅದು ಗಟ್ಟಿಯಾಗಿ ಕಚ್ಚಿದರೆ ಇಂಡಕ್ಷನ್ ಮೇಲೆ ನಡೆಯುತ್ತದೆ. ಸಡಿಲವಾಗಿ ಜಾರಿದರೆ ಅಲ್ಲೇ ಇಡಿ. ಹಂಚು ಮಾತ್ರ ಹೊಸದು ಕೊಳ್ಳಬೇಡಿ. ಪಳಗಿದ ಹಳೆಯ ಹಂಚನ್ನೇ ಹೊಸ ಮನೆಗೆ ತನ್ನಿ.