ಊಟ ಬಿಡುವವರೆಗೆ ಕಾಯಬೇಡಿ

"ಡಾಕ್ಟ್ರೇ, ಇನ್ನೂ ಊಟ ಮಾಡ್ತಾನಲ್ಲ, ಈಗಲೇ ಯಾಕೆ?" ವಾಸಿಯಾಗದ ನಾಯಿಗೆ ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಕಳಿಸಿಕೊಡುವ ದಯಾಮರಣದ ಮಾತೆತ್ತಿದರೆ, ಮುಂಬೈ ಕಡೆಯ ಮಾಟುಂಗಾದಿಂದ ಡೊಂಬಿವಲಿವರೆಗೆ, ನಾಯಿ ಸಾಕಿದ ನಮ್ಮ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಆದರೆ ಹಸಿವು ಬಹಳ ತಡವಾಗಿ ಹೋಗುವಂಥದ್ದು. ಮೂಳೆ ಕ್ಯಾನ್ಸರ್ ಆದ ಲ್ಯಾಬ್ರಡಾರ್ ಮೂರು ಕಾಲಲ್ಲಿ ಕುಂಟಿಕೊಂಡು ಬಂದು ಚಪಾತಿ ತಿನ್ನುತ್ತದೆ. ನೋವು ಗೊತ್ತಾಗುವುದು ರಾತ್ರಿ: ಮಲಗಿದ ಐದು ನಿಮಿಷಕ್ಕೆ ಎದ್ದು ಜಾಗ ಬದಲಿಸುತ್ತದೆ, ಫ್ಯಾನ್ ಕೆಳಗಿದ್ದರೂ ಏದುಸಿರು ಬಿಡುತ್ತದೆ, ಒಂದೇ ಕಾಲನ್ನು ನೆಕ್ಕುತ್ತಲೇ ಇರುತ್ತದೆ.

ಆಲಿಸ್ ವಿಲ್ಲಾಲೋಬೋಸ್ ಎಂಬ ಪಶುವೈದ್ಯೆ ರೂಪಿಸಿದ ಅಳತೆಯೊಂದಿದೆ. ನೋವು, ಹಸಿವು, ನೀರಿನಂಶ, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು: ಒಂದೊಂದಕ್ಕೂ 10ರಲ್ಲಿ ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಮನೆಯ ಇಬ್ಬರು ಬೇರೆಬೇರೆಯಾಗಿ ಅಂಕ ಬರೆಯಿರಿ. ಹೆಚ್ಚು ಮುದ್ದಿಸುವವರು ಹೆಚ್ಚು ಅಂಕ ಕೊಡುತ್ತಾರೆ.

ನಿರ್ಧಾರಕ್ಕೆ ಮೊದಲು ರಕ್ತಪರೀಕ್ಷೆ ಆಗಿರಲೇಬೇಕು. ರಕ್ತ ಹೀರುವ ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್‌ನಲ್ಲಿ ಒಸಡು ಬಿಳಿಚಿ, ನಾಯಿ ತಲೆ ಎತ್ತಲಾರದೆ ಬಿದ್ದುಕೊಳ್ಳುತ್ತದೆ. ಅದು ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದಾಗಿದ್ದರೆ, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ 28 ದಿನ ಕೊಟ್ಟರೆ ಎಷ್ಟೋ ನಾಯಿಗಳು ಎದ್ದು ಓಡಾಡುತ್ತವೆ. ಕಣ್ಣು ಹೋಯಿತು, ಸೋಫಾ ಮೇಲೆ ಮೂತ್ರ ಸೋರುತ್ತದೆ, ಹೊಸ ಸೊಸೈಟಿಯಲ್ಲಿ ನಾಯಿ ಬೇಡವಂತೆ: ಇವು ಕಾರಣಗಳೇ ಅಲ್ಲ. ಇಂಥದ್ದಕ್ಕೆ ವೈದ್ಯರು ಇಲ್ಲ ಎನ್ನಬೇಕು.

"ಪಾಪ ಸುತ್ತಿಕೊಳ್ಳುತ್ತೆ, ತಾನಾಗಿಯೇ ಹೋಗಲಿ" ಎನ್ನುವ ಹಿರಿಯರಿಗೆ ಒಂದು ಮಾತು. ಹೃದಯ ಸೋತ ನಾಯಿಯ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅದು ಮಲಗಲಾರದೆ, ಕತ್ತು ಚಾಚಿ ಗಾಳಿಗಾಗಿ ಒದ್ದಾಡುತ್ತದೆ. ಕಿಡ್ನಿ ಕೈಕೊಟ್ಟರೆ ಬಾಯೆಲ್ಲ ಹುಣ್ಣು. ಇದನ್ನು ನೋಡುತ್ತ ಕೂರುವುದರಲ್ಲಿ ಪುಣ್ಯವಿದೆ ಎಂದು ನಾನು ಒಪ್ಪಲಾರೆ.

ಕ್ರಮ ಹೀಗಿರಬೇಕು. ಮೊದಲು ಮಂಪರು ಇಂಜೆಕ್ಷನ್. ನಾಯಿ ಗಾಢವಾಗಿ ಮಲಗಲು ಹತ್ತು ಹದಿನೈದು ನಿಮಿಷ ಬೇಕು, ಬಿಪಿ ಇಳಿದಿದ್ದರೆ ಇನ್ನೂ ಹೆಚ್ಚು. ಆಮೇಲೆ ಮುಂಗಾಲಿನ ರಕ್ತನಾಳಕ್ಕೆ ಕ್ಯಾನುಲಾ (ತೆಳು ಪ್ಲಾಸ್ಟಿಕ್ ನಳಿಕೆ) ಹಾಕಿ, ಸಲೈನ್ ಬಿಟ್ಟು ಸರಾಗ ಹೋಗುತ್ತಿದೆಯೇ ನೋಡಬೇಕು. ಕೊನೆಗೆ ಕೊಡುವ ಅರಿವಳಿಕೆ ಔಷಧ ಥಯೋಪೆಂಟೋನ್ ತೀವ್ರ ಕ್ಷಾರ, ನಾಳದಾಚೆ ಸೋರಿದರೆ ಸುಡುತ್ತದೆ. ಅದಕ್ಕೇ ಬರೀ ಸೂಜಿ ಸಾಲದು. ಕೊನೆಗೆ ಥಯೋಪೆಂಟೋನ್ ಅಥವಾ ಅದೇ ಬಗೆಯ ಪೆಂಟೋಬಾರ್ಬಿಟಾಲ್‌ನ ಮಿತಿಮೀರಿದ ಡೋಸ್. ಯಾವ ಔಷಧ ಎಂದು ಮೊದಲೇ ಕೇಳಿ. ಎಚ್ಚರವಿರುವ ನಾಯಿಗೆ ಮೆಗ್ನೀಷಿಯಂ ಸಲ್ಫೇಟ್, ಪೊಟ್ಯಾಷಿಯಂ ಕ್ಲೋರೈಡ್ ಕೊಡುವುದು ಅಥವಾ ನೇರ ಹೃದಯಕ್ಕೆ ಚುಚ್ಚುವುದು ಕ್ರೌರ್ಯ, ಅಲ್ಲೇ ತಡೆಯಿರಿ.

ಜೀವ ಹೋದ ಮೇಲೂ ಕಣ್ಣು ಮುಚ್ಚುವುದಿಲ್ಲ, ಮೂತ್ರ ಹೋಗಬಹುದು, ಒಂದೆರಡು ಬಾರಿ ಎದೆ ಏರಿ ಉಸಿರು ಎಳೆದಂತಾಗಬಹುದು. ಅದು ನೋವಲ್ಲ ಎಂದು ವೈದ್ಯರು ಮೊದಲೇ ಹೇಳದಿದ್ದರೆ ಮನೆಯವರು ಆ ನೋಟವನ್ನು ವರ್ಷಗಟ್ಟಲೆ ಹೊತ್ತಿರುತ್ತಾರೆ. ಸ್ಟೆತಾಸ್ಕೋಪ್ ಇಟ್ಟು ಹಲವು ನಿಮಿಷ ಕೇಳಿದ ಮೇಲೆಯೇ ಸಾವು ಖಚಿತ.

ಬೀದಿನಾಯಿಯ ವಿಷಯದಲ್ಲಿ ನೀವೇ ನಿರ್ಧರಿಸುವಂತಿಲ್ಲ. 2023ರ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ನಿಯಮಗಳ ಪ್ರಕಾರ ವಾಸಿಯಾಗದ ಕಾಯಿಲೆ ಅಥವಾ ಮಾರಣಾಂತಿಕ ಗಾಯ ಎಂದು ನೇಮಿತ ತಂಡ ಖಚಿತಪಡಿಸಬೇಕು, ಅರ್ಹ ಪಶುವೈದ್ಯರೇ ಮಾಡಬೇಕು, ಇನ್ನೊಂದು ನಾಯಿಯ ಎದುರು ಮಾಡಬಾರದು.

ದೇಹದ ವ್ಯವಸ್ಥೆ ಹಿಂದಿನ ದಿನವೇ ಆಗಲಿ. ಮುಂಬೈ ಪಾಲಿಕೆಯದು ಮಲಾಡ್‌ನಲ್ಲಿ ಸಣ್ಣ ಪ್ರಾಣಿಗಳ ದಹನ ಕೇಂದ್ರವಿದೆ. ಪೆಂಟೋಬಾರ್ಬಿಟಾಲ್ ಕೊಟ್ಟ ದೇಹವನ್ನು ಬಯಲಲ್ಲಿ ಎಸೆದರೆ ತಿಂದ ಕಾಗೆ, ಹದ್ದುಗಳೂ ಸಾಯುತ್ತವೆ. ಹೂಳುವುದಾದರೆ ಮೂರ್ನಾಲ್ಕು ಅಡಿ ಆಳ ತೋಡಿಸಿ.